ಗ್ರಹಗಳ ಯುತಿಯ ಚಿತ್ರಣಕ್ಕೆ ಸ್ಟೆಲೇರಿಯಂ

ಎರಡು ಗ್ರಹಗಳು, ಇಲ್ಲವೇ ಚಂದ್ರನೂ ಒಂದು ಗ್ರಹವೂ ಅಕ್ಕಪಕ್ಕ ಕಾಣಿಸಿಕೊಳ್ಳುವ ಯುತಿಯನ್ನು ಸೆರೆಹಿಡಿಯಲು ಸಿಗುವ ಸಮಯ ಬಲು ಕಡಿಮೆ. ಸೂರ್ಯಾಸ್ತದ ಬೆನ್ನಿಗೇ ಪಶ್ಚಿಮದಲ್ಲಿ ಕಾಣುವ ಯುತಿಯಾದರಂತೂ, ಕತ್ತಲಾಗುವುದಕ್ಕೂ ಗ್ರಹಗಳು ಮುಳುಗುವುದಕ್ಕೂ ನಡುವೆ ಲೆನ್ಸ್ ಬದಲಿಸುತ್ತ ಕೂರಲು ಬಿಡುವಿರುವುದಿಲ್ಲ. ಯಾವ ಲೆನ್ಸ್ ಬೇಕೆಂಬುದನ್ನು ಮೊದಲೇ ತೀರ್ಮಾನಿಸಲು ನಾನು ನೆಚ್ಚಿಕೊಂಡಿರುವುದು, ಬೇಕಾದ ದಿನದ ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶವನ್ನು. ಅದರ ಕಂಪ್ಯೂಟರ್ ಆವೃತ್ತಿ ಉಚಿತ.

ಇದರ ‘ಆಕ್ಯುಲರ್ಸ್’ ಎಂಬ ಪ್ಲಗಿನ್‌ನಲ್ಲಿ (ತಂತ್ರಾಂಶದ ಪೂರಕ ಭಾಗ) ಕ್ಯಾಮೆರಾ ಸೆನ್ಸರಿನ ಅಳತೆಯನ್ನೂ, ಲೆನ್ಸ್ ದೃಶ್ಯವನ್ನು ಎಷ್ಟು ಹಿಗ್ಗಿಸುತ್ತದೆಂದು ಸೂಚಿಸುವ ಫೋಕಲ್ ಲೆಂತನ್ನೂ ಮಿ.ಮೀ.ನಲ್ಲಿ ನಮೂದಿಸಿದರೆ (ಲೆನ್ಸನ್ನು ದೂರದರ್ಶಕದ ಪಟ್ಟಿಯಲ್ಲೇ ಸೇರಿಸಬೇಕು), ಚಿತ್ರದ ಚೌಕಟ್ಟು ಆಕಾಶದ ಮೇಲೆ ಆಯತವಾಗಿ ಮೂಡುತ್ತದೆ. ಇದರ ಪ್ರಯೋಜನ ತಿಳಿಯಬೇಕಾದರೆ ದಿನಾಂಕವನ್ನು 2020ರ ಡಿಸೆಂಬರ್ 21ಕ್ಕೆ ತಿರುಗಿಸಿ ನೋಡಬೇಕು. ಅಂದು ಗುರು ಮತ್ತು ಶನಿಯ ನಡುವಿನ ಅಂತರ ಸುಮಾರು 0.1 ಡಿಗ್ರಿ, ಅಂದರೆ ಚಂದ್ರಬಿಂಬದ ಅಗಲದ ಐದನೇ ಒಂದು ಭಾಗವಷ್ಟೇ ಇತ್ತು. 50 ಮಿ.ಮೀ. ಲೆನ್ಸಿನಲ್ಲಿ ಆ ಅಂತರ ಸೆನ್ಸರಿನ ಮೇಲೆ 0.1 ಮಿ.ಮೀ.ಗೂ ಕಡಿಮೆ, 1000 ಮಿ.ಮೀ.ನಲ್ಲಿ ಸುಮಾರು 1.7 ಮಿ.ಮೀ. ಮರಗಳೂ ಬೆಟ್ಟಗಳೂ ಸೇರಿದ ದೃಶ್ಯ ಬೇಕೋ, ಗ್ರಹಗಳೆರಡೂ ಬಿಡಿಯಾಗಿ ಕಾಣಬೇಕೋ ಎಂಬ ಆಯ್ಕೆಯನ್ನು ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಚಂದ್ರನನ್ನು ಹಿಗ್ಗಿಸಿ ತೋರಿಸುವ ಆಯ್ಕೆ ಚಾಲನೆಯಲ್ಲಿದ್ದರೆ ಚೌಕಟ್ಟಿನ ಲೆಕ್ಕವೆಲ್ಲ ತಪ್ಪುತ್ತದೆ. ಅಲ್ಲದೆ, ಪರದೆಯ ಮೇಲೆ ಗ್ರಹಗಳ ಪ್ರಭೆ ಎಷ್ಟು ದೊಡ್ಡದಾಗಿ ಮೂಡುತ್ತದೆಂದರೆ, ಚಿತ್ರದಲ್ಲಿ ಬಿಡಿಬಿಡಿಯಾಗಿ ಬರಬಲ್ಲ ಗ್ರಹಗಳು ಅಲ್ಲಿ ಒಂದೇ ಚುಕ್ಕೆಯಂತೆ ತೋರಬಹುದು. ಕಣ್ಣಂದಾಜಿಗಿಂತ ಕೋನವನ್ನು ಅಳೆಯುವ ಪ್ಲಗಿನ್ ಇಲ್ಲಿ ಹೆಚ್ಚು ವಿಶ್ವಾಸಾರ್ಹ.

ಎಕ್ಸ್‌ಪೋಷರ್, ಅಂದರೆ ಸೆನ್ಸರಿನ ಮೇಲೆ ಎಷ್ಟು ಬೆಳಕು ಬೀಳಬೇಕೆಂಬುದು, ಮಾತ್ರ ಛಾಯಾಗ್ರಾಹಕರ ಹೊಣೆಯೇ. ಬಿದಿಗೆ ಚಂದ್ರನ ಬೆಳಗಿದ ಅಂಚು ಅತಿ ಪ್ರಖರ, ಭೂಮಿಯ ಬೆಳಕು ಬಿದ್ದ ಉಳಿದ ಭಾಗ ತೀರಾ ಮಂದ; ಒಂದೇ ಎಕ್ಸ್‌ಪೋಷರಿನಲ್ಲಿ ಎರಡರ ವಿವರವೂ ಉಳಿಯುವುದು ಕಷ್ಟವಾದ್ದರಿಂದ ಬೇರೆ ಬೇರೆ ಅವಧಿಯ ಚಿತ್ರಗಳನ್ನು ತೆಗೆದುಕೊಳ್ಳುವುದು ಲೇಸು. ಟ್ರೈಪಾಡ್ ಮೇಲಿನ 200 ಮಿ.ಮೀ. ಲೆನ್ಸಿನಲ್ಲಿ ಎಕ್ಸ್‌ಪೋಷರ್ ಅವಧಿ ಒಂದು ಸೆಕೆಂಡ್ ದಾಟಿದರೆ ಗ್ರಹಗಳು ಗೆರೆಯಾಗತೊಡಗುತ್ತವೆ.

ಈ ತಂತ್ರಾಂಶದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಚಿತ್ರ ತೆಗೆಯುವ ಸ್ಥಳದ ಪನೋರಮಾವನ್ನೇ (ಸುತ್ತಲಿನ ನೋಟವೆಲ್ಲ ಸೇರಿದ ಅಗಲ ಚಿತ್ರ) ದಿಗಂತವಾಗಿ ಅಳವಡಿಸುವ ಸೌಲಭ್ಯ. ಅದನ್ನು ಸಿದ್ಧಪಡಿಸಲು ತಾಳ್ಮೆ ಬೇಕು. ಆದರೆ ಒಮ್ಮೆ ಮಾಡಿಕೊಂಡರೆ, ಶುಕ್ರ ಯಾವ ನಿಮಿಷದಲ್ಲಿ ಯಾವ ಮರದ ಹಿಂದೆ ಮರೆಯಾಗುವುದೆಂದು ಮುಂಚಿತವಾಗಿಯೇ ತಿಳಿದು, ಟ್ರೈಪಾಡ್ ಎಲ್ಲಿಡಬೇಕೆಂದು ನಿರ್ಧರಿಸಬಹುದು.