ಮ್ಯಾಡ್ರಿಡ್‌ನಲ್ಲಿ ಎಫ್‌ಎಸ್‌ಐ ಸ್ಪ್ಯಾನಿಷ್ ಕೋರ್ಸ್: ಕನ್ನಡದ ನಾಲಿಗೆಗೆ ಎಷ್ಟು ಬೇಕು, ಎಷ್ಟು ಬೇಡ

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಎಫ್‌ಎಸ್‌ಐ ತನ್ನ ಸಿಬ್ಬಂದಿಗೆಂದು 1950ರ ದಶಕದಲ್ಲಿ ಶುರು ಮಾಡಿದ ‘ಸ್ಪ್ಯಾನಿಷ್ ಬೇಸಿಕ್ ಕೋರ್ಸ್’ ಈಗ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸರ್ಕಾರಿ ಕೃತಿ, ಕಾಪಿರೈಟ್ ಇಲ್ಲ. ನಾಲ್ಕು ಸಂಪುಟ, 55 ಯುನಿಟ್, ಜೊತೆಗೆ ಆಡಿಯೊ. ಪಿಡಿಎಫ್ ಅಂದರೆ ಟೈಪ್‌ರೈಟರ್ ಪುಟಗಳ ಸ್ಕ್ಯಾನು. ಆಡಿಯೊದಲ್ಲಿ ಹಳೇ ಟೇಪಿನ ಸುಯ್ ಸದ್ದು. ಕೊನೆತನಕ ಬಳಸಿದ ಮೇಲಿನ ಅಭಿಪ್ರಾಯ: ಸರಕು ಗಟ್ಟಿ, ಆದರೆ ಇಂಗ್ಲಿಷ್ ಮೈಗೆ ಅಳತೆ ತೆಗೆದು ಹೊಲಿದ ಅಂಗಿ. ಮ್ಯಾಡ್ರಿಡ್‌ನಲ್ಲಿ ಬದುಕಲು ಇದನ್ನು ಹಿಡಿಯುವ ಕನ್ನಡಿಗರು ಕೆಲವೆಡೆ ಹೊಲಿಗೆ ಬಿಚ್ಚಬೇಕು, ಕೆಲವೆಡೆ ತೇಪೆ ಹಾಕಬೇಕು.

ಬಿಚ್ಚಬೇಕಾದ್ದು ಮೊದಲ ಯುನಿಟ್‌ಗಳ ಉಚ್ಚಾರಣೆಯ ಪಾಠ. ಪ, ತ, ಕ ಹೇಳುವಾಗ ಉಸಿರು ಬಿಡಬೇಡಿ ಎಂದು ಅಲ್ಲಿ ಪುಟಗಟ್ಟಲೆ ತಾಲೀಮು. ಅಲ್ಪಪ್ರಾಣ-ಮಹಾಪ್ರಾಣ ಬೇರೆ ಬೇರೆ ಎಂದು ಕಾಗುಣಿತದಲ್ಲೇ ಕಲಿತವರಿಗೆ ಅದು ಬೇಡ. ಟೊಮೆಟೊ ಅನ್ನದೆ ‘ತೊಮಾತೆ’ ಅನ್ನುವ ಎಚ್ಚರವಿದ್ದರೆ ಸಾಕು. ರಕಾರದ ತಾಲೀಮು ಮಾತ್ರ ಬಿಡಬೇಡಿ. ‘ಪೆರೊ’ ಅಂದರೆ ಆದರೆ. ನಾಲಿಗೆ ತುದಿ ಎರಡು ಮೂರು ಸಲ ಬಡಿದು ‘ಪೆರ್ರೊ’ ಆದರೆ ನಾಯಿ.

ನಮ್ಮವರ ನಿಜವಾದ ತಪ್ಪು ಬೇರೆ, ಅದನ್ನು ಈ ಕೋರ್ಸ್ ಹಿಡಿಯುವುದೇ ಇಲ್ಲ. ನಾವು ಸ್ವರಗಳನ್ನು ಎಳೆಯುತ್ತೇವೆ. ಮನೆ ಎಂಬರ್ಥದ ಪದ ನಮ್ಮ ಬಾಯಲ್ಲಿ ‘ಕಾಸಾ’. ಬೇಕಾದ್ದು ಆಕಾರದ ಬಾಯಿ, ಅಕಾರದ ಕಾಲ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಅರ್ಥ ಬದಲಿಸುವುದಿಲ್ಲ, ಅರ್ಥ ಬದಲಿಸುವುದು ಒತ್ತು. ‘ಆಬ್ಲೊ’ ಎಂಬಲ್ಲಿ ಒತ್ತು ಮೊದಲಿಗೆ ಬಿದ್ದರೆ ‘ಮಾತಾಡ್ತೀನಿ’, ಕೊನೆಗೆ ಬಿದ್ದರೆ ‘ಅವನು ಮಾತಾಡಿದ’. ಪ್ರತಿ ಸಂಭಾಷಣೆಯಲ್ಲಿ ಒತ್ತು ಬೀಳುವ ಕಡೆ ಬೆರಳಿನಿಂದ ಮೇಜು ತಟ್ಟುತ್ತಾ ಹೇಳಿ. ಬಾಲಿಶ ಅನಿಸಿದರೂ ಕೆಲಸ ಮಾಡುತ್ತದೆ.

ಕೋರ್ಸಿನ ಜೀವ ಇರುವುದು ಡ್ರಿಲ್‌ನಲ್ಲಿ. ಟೇಪು ‘ಯೊ ಆಬ್ಲೊ’ ಅನ್ನುತ್ತದೆ, ಆಮೇಲೆ ‘ನೊಸೊತ್ರೊಸ್’ (ನಾವು) ಎಂಬ ಸುಳಿವು, ಖಾಲಿ ಜಾಗ. ಅಷ್ಟರೊಳಗೆ ನೀವು ‘ಆಬ್ಲಾಮೊಸ್’ ಅನ್ನಬೇಕು. ಪುಸ್ತಕದ ಉತ್ತರದ ಭಾಗ ಮುಚ್ಚಿಡಿ. ಎಲ್ಲಕ್ಕಿಂತ ಮುಖ್ಯ, ಆಡಿಯೊ ನಿಲ್ಲಿಸುವ ಗುಂಡಿ ಒತ್ತಬೇಡಿ. ನಿಲ್ಲಿಸಿದ ಕ್ಷಣ ತಲೆ ಅನುವಾದಕ್ಕೆ ಇಳಿಯುತ್ತದೆ. ಡ್ರಿಲ್ ಇರುವುದೇ ಅದನ್ನು ತಪ್ಪಿಸಲು. ಮೂರು ಸಲ ಹಿಂದೆ ಬಿದ್ದರೆ ಆ ಡ್ರಿಲ್ ಮೊದಲಿಂದ. ದಿನಕ್ಕೆ ಎರಡು ಬಾರಿ 25 ನಿಮಿಷ, ವಾರಕ್ಕೊಂದು ಯುನಿಟ್. ಅದಕ್ಕಿಂತ ಓಡಿದರೆ ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ: ಬಾಯಿಗೆ ಬರುತ್ತದೆ, ಬೇಕರಿಯ ಮುಂದೆ ನಿಂತಾಗ ಬರುವುದಿಲ್ಲ.

ವ್ಯಾಕರಣದ ವಿವರಣೆಯಲ್ಲಿ ಇಂಗ್ಲಿಷ್ ಬದಲು ಕನ್ನಡ ಇಟ್ಟುಕೊಂಡರೆ ಅರ್ಧ ಹೊರೆ ಇಳಿಯುತ್ತದೆ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ನನಗೆ ಕಾಫಿ ಇಷ್ಟ, ಅದೇ ಚತುರ್ಥಿ. ‘ಪುಸ್ತಕ ನೋಡಿದೆ’ ಅನ್ನುತ್ತೇವೆ, ‘ರವಿ ನೋಡಿದೆ’ ಅನ್ನುವುದಿಲ್ಲ, ‘ರವಿಯನ್ನು’ ಬೇಕು. ಕರ್ಮ ಮನುಷ್ಯರಾದಾಗ ಆ ಪದಕ್ಕಿಂತ ಮೊದಲು ಬರುವ ಸ್ಪ್ಯಾನಿಷ್ ‘ಆ’ ಇದೇ ಜಾತಿಯದು. ‘ನಾನು ಇಂಜಿನಿಯರ್’ ಎಂಬಲ್ಲಿ ‘ಇರು’ ಇಲ್ಲ, ಅಲ್ಲಿ ‘ಸೊಯ್’. ‘ಮನೇಲಿದ್ದೀನಿ’ ಎಂಬಲ್ಲಿ ಇದೆ, ಅಲ್ಲಿ ‘ಎಸ್ತೊಯ್’. ಆದರೆ ಮೀಟಿಂಗು, ಪಾರ್ಟಿ ಎಲ್ಲಿ ನಡೆಯುತ್ತದೆ ಅನ್ನುವಾಗ ಈ ಸೂತ್ರ ಕೈಕೊಡುತ್ತದೆ, ಅಲ್ಲಿ ‘ಸೊಯ್’ ಗುಂಪಿನ ‘ಎಸ್’. ‘ಹತ್ತಿರ ಮೆಡಿಕಲ್ ಶಾಪ್ ಇದೆಯಾ?’ ಎಂಬುದಕ್ಕೆ ‘ಆಯ್’, ‘ಆ ಮೆಡಿಕಲ್ ಶಾಪ್ ಎಲ್ಲಿದೆ?’ ಎಂಬುದಕ್ಕೆ ‘ಎಸ್ತಾ’. ನಮ್ಮ ಒಂದೇ ‘ಇದೆ’ ಎರಡನ್ನೂ ನುಂಗಿಬಿಡುತ್ತದೆ.

ಲಿಂಗ ಮಾತ್ರ ಹಿಂದಿಯ ಕಾ-ಕೀಯಲ್ಲಿ ಒದ್ದಾಡಿದವರಿಗೆ ಹಳೇ ವೈರಿ. ‘ಎಲ್’ ಪುಲ್ಲಿಂಗ, ‘ಲಾ’ ಸ್ತ್ರೀಲಿಂಗ: ಸಮಸ್ಯೆಗೆ ‘ಎಲ್ ಪ್ರೊಬ್ಲೆಮಾ’, ಕೈಗೆ ‘ಲಾ ಮಾನೊ’. ಎಲ್-ಲಾ ಸೇರಿಸದೆ ಯಾವ ನಾಮಪದವನ್ನೂ ಕಲಿಯಬೇಡಿ.

ಇನ್ನು ತೇಪೆ. ಕಥೆ ನಡೆಯುವುದು ಸುರ್ಲಾಂಡಿಯಾ ಎಂಬ ಕಾಲ್ಪನಿಕ ದೇಶದಲ್ಲಿ, ಭಾಷೆ ಲ್ಯಾಟಿನ್ ಅಮೆರಿಕದ್ದು. ಸ್ಪೇನ್‌ನಲ್ಲಿ ಸ್ನೇಹಿತರ ಗುಂಪಿಗೆ ಹೇಳುವ ‘ಬೊಸೊತ್ರೊಸ್’ ಇಲ್ಲಿ ಅಭ್ಯಾಸಕ್ಕೇ ಬರುವುದಿಲ್ಲ. ಆಫೀಸಿನ ಊಟದ ಮೇಜಲ್ಲಿ ‘ಉಸ್ತೆದೆಸ್’ ಅಂದರೆ ಅರ್ಥವಾಗುತ್ತದೆ, ಆದರೆ ಗೆಳೆಯರಿಗೆ ‘ತಾವುಗಳು’ ಅಂದ ಹಾಗೆ. ಪ್ರತಿ ಡ್ರಿಲ್‌ನ ಕೊನೆಗೆ ‘ಬೊಸೊತ್ರೊಸ್’ ಸುಳಿವನ್ನು ನೀವೇ ಸೇರಿಸಿ: ಆಬ್ಲಾಯ್ಸ್, ಕೊಮೆಯ್ಸ್, ಬಿಬೀಸ್. ಇವತ್ತು ಊಟ ಮಾಡಿದ್ದನ್ನು ಮ್ಯಾಡ್ರಿಡ್ ‘ಎ ಕೊಮೀದೊ’ ಅನ್ನುತ್ತದೆ, ‘ಕೊಮಿ’ ಅಲ್ಲ. ಕಾರು ‘ಕಾರ್ರೊ’ ಅಲ್ಲ, ‘ಕೊಚೆ’. ಜ್ಯೂಸ್ ‘ಹೂಗೊ’ ಅಲ್ಲ, ‘ಥೂಮೊ’, ಆ ‘ಥ’ ಹಲ್ಲುಗಳ ನಡುವೆ ನಾಲಿಗೆ ಇಟ್ಟು. ಮೊದಲ ತಿಂಗಳಲ್ಲೇ ಬೇಕಾಗುವ ‘ಥೀತಾ ಪ್ರೇಬಿಯಾ’, ಅಂದರೆ ಸರ್ಕಾರಿ ಕಚೇರಿಯ ಅಪಾಯಿಂಟ್‌ಮೆಂಟು, ಬೇರೆಯೇ ಕಲಿಯಬೇಕು.

ಸ್ಪೇನ್ ಪೌರತ್ವಕ್ಕೆಂದು ಡೆಲೆ ಎ2 ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಬರೆಯುವವರಿಗೆ ವ್ಯಾಕರಣ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ. ಬರವಣಿಗೆ ಹೆಚ್ಚೂಕಡಿಮೆ ಇಲ್ಲ. ಪರೀಕ್ಷೆಯಲ್ಲಿ ಓದು-ಬರಹ ಸೇರಿ 50ಕ್ಕೆ 30 ಬರಲೇಬೇಕು, ಮಾತಿನ ಅಂಕ ಅದಕ್ಕೆ ಕೂಡುವುದಿಲ್ಲ. ಹಾಗಾಗಿ ಎರಡನೇ ಸಂಪುಟದಿಂದ, ಮುಗಿಸಿದ ಸಂಭಾಷಣೆಯನ್ನು ಕೇಳಿ ಕೈಯಲ್ಲಿ ಬರೆಯಿರಿ, ಆಮೇಲೆ ಪುಸ್ತಕ ತೆಗೆದು ಒತ್ತಿನ ಗೆರೆಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿ.