ರೆಮಿಂಗ್ಟನ್ ನೈಲಾನ್ 66: ವರ್ಷಗಟ್ಟಲೆ ಬಳಸಿದ ಸಂಗ್ರಾಹಕನ ವಿಮರ್ಶೆ

ತಯಾರಿಕೆ ನಿಂತುಹೋದ ಸೆಮಿ-ಆಟೋಮ್ಯಾಟಿಕ್ (ಒಂದು ಗುಂಡು ಹೊಡೆದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ಪಾಯಿಂಟ್ 22 (0.22 ಇಂಚಿನ ಸಣ್ಣ ಗುಂಡಿನ) ರೈಫಲ್‌ಗಳಲ್ಲಿ ಮೊದಲು ಯಾವುದನ್ನು ಕೊಳ್ಳಬೇಕೆಂದು ಯಾರು ಕೇಳಿದರೂ ನಾನು ಹೇಳುವುದು ಒಂದೇ ಹೆಸರು: ನೈಲಾನ್ 66. ನನ್ನ ಸಂಗ್ರಹದಲ್ಲಿ ಇದಕ್ಕಿಂತ ಚೆಂದದವು ಇವೆ, ಹೆಚ್ಚು ಬೆಲೆಬಾಳುವವೂ ಇವೆ. ಆದರೆ ಗುರಿ ಅಭ್ಯಾಸಕ್ಕೆ ಹೊರಟಾಗ ಕೈಗೆ ಬರುವುದು ಇದೇ. ಸಂಗ್ರಹದ ಬಂದೂಕು ಕಪಾಟಿನಲ್ಲೇ ಕೂತಿರಬಾರದು, ಗುಂಡು ಹೊಡೆಯಬೇಕು ಎನ್ನುವವನು ನಾನು. ಈ ವಿಮರ್ಶೆಯನ್ನೂ ಆ ಕಣ್ಣಿನಿಂದಲೇ ಬರೆದಿದ್ದೇನೆ.

ಇದು ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಆಗ ರೆಮಿಂಗ್ಟನ್ ಕಂಪನಿ ಡ್ಯುಪಾಂಟ್ ಒಡೆತನದಲ್ಲಿತ್ತು, ನೈಲಾನ್ ಕಂಡುಹಿಡಿದದ್ದೂ ಡ್ಯುಪಾಂಟ್. ಮರದ ಸ್ಟಾಕ್ (ಹಿಡಿದು ಹೆಗಲಿಗೆ ಆನಿಸುವ ಭಾಗ) ಬದಲು ಝೈಟೆಲ್ ಎಂಬ ಗಟ್ಟಿ ನೈಲಾನನ್ನು ಅಚ್ಚುಹಾಕಿ, ಸ್ಟಾಕ್ ಮತ್ತು ರಿಸೀವರ್ (ಬಂದೂಕಿನ ಯಂತ್ರ ಕೂರುವ ಭಾಗ) ಎರಡನ್ನೂ ಒಂದೇ ದೇಹವಾಗಿ ಮಾಡಿದರು. ಮೇಲೆ ಕಾಣುವ ಉಕ್ಕು ಬರೀ ತಗಡಿನ ಕವಚ. ಒಳಗೆ ಉಕ್ಕಿನ ಬೋಲ್ಟ್ (ಗುಂಡನ್ನು ನಳಿಗೆಯೊಳಕ್ಕೆ ತಳ್ಳುವ ಭಾಗ) ಜಾರುವುದು ನೈಲಾನ್ ಮೇಲೆ, ಹಾಗಾಗಿ ಅದಕ್ಕೆ ಎಣ್ಣೆ ಬೇಕಿಲ್ಲ. ಇದು ಸಣ್ಣ ವಿಷಯವಲ್ಲ. ಪಾಯಿಂಟ್ 22 ಗುಂಡು ಕೊಳಕು ಗುಂಡು. ಮದ್ದಿನ ಮಸಿ, ಗುಂಡಿಗೆ ಸವರಿದ ಮೇಣ, ಸೀಸದ ಪುಡಿ ಎಲ್ಲ ರಿಸೀವರಿನೊಳಗೆ ಬಂದು ಕೂರುತ್ತವೆ. ಅದರ ಜೊತೆ ಎಣ್ಣೆಯೂ ಸೇರಿದರೆ ಅಂಟಾಗಿ ಬೋಲ್ಟ್ ನಿಧಾನವಾಗುತ್ತದೆ. ಒಣಗಿಯೇ ಓಡುವ ನೈಲಾನ್ 66ಕ್ಕೆ ಆ ಕಾಟ ಕಡಿಮೆ. ನನ್ನ ಮರದ ಸ್ಟಾಕಿನ ರೈಫಲ್‌ಗಳು ಒರೆಸಿಕೊಡು ಎಂದು ಹಟ ಹಿಡಿಯುವ ಹೊತ್ತಿನಲ್ಲೂ ಇದು ತನ್ನ ಪಾಡಿಗೆ ಹೊಡೆಯುತ್ತಿರುತ್ತದೆ.

ಪ್ಲಾಸ್ಟಿಕ್ ಬಂದೂಕನ್ನು ನಂಬುವುದು ಹೇಗೆ ಎಂಬ ಅನುಮಾನ ಆ ಕಾಲದಲ್ಲಿ ಜನರಿಗೆ ಬಲವಾಗಿಯೇ ಇತ್ತು. ಅದಕ್ಕೆ ಉತ್ತರ ಕೊಟ್ಟವನು ರೆಮಿಂಗ್ಟನ್ ಕಂಪನಿಯ ಗುರಿಕಾರ ಟಾಮ್ ಫ್ರೈ. 1959ರಲ್ಲೇ ಆತ ಇದೇ ಮಾದರಿಯ ರೈಫಲ್‌ಗಳಿಂದ, ಗಾಳಿಗೆ ಎಸೆದ ಮರದ ಪುಟ್ಟ ತುಂಡುಗಳಿಗೆ ಗುಂಡು ಹೊಡೆದ. ಒಟ್ಟು 1,00,010 ತುಂಡುಗಳಲ್ಲಿ ತಪ್ಪಿದ್ದು 6 ಮಾತ್ರ. ಅದಕ್ಕೆ ಮುಂಚಿನ ದೊಡ್ಡ ದಾಖಲೆ ಆಡ್ ಟಾಪರ್‌ವೈನ್ ಹೆಸರಲ್ಲಿತ್ತು: 1907ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ 72,500 ತುಂಡು, ತಪ್ಪಿದ್ದು 9. ಅವನ ಕೈಯಲ್ಲಿದ್ದದ್ದು ವಿಂಚೆಸ್ಟರ್ 1903. ಗುರಿಕಾರರ ಕೈಚಳಕವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಬಂದೂಕಿನ ದೃಷ್ಟಿಯಿಂದ ನೋಡಿ, ಲಕ್ಷ ಗುಂಡು ಹಾರುವಾಗ ಕೈಕೊಡದಿರುವುದೂ ಒಂದು ಸಾಧನೆಯೇ.

ತೂಕ ಸುಮಾರು 1.8 ಕಿಲೋ. ಇಡೀ ದಿನ ಹೊತ್ತು ತಿರುಗಿದರೂ ಹೆಗಲು ನೋಯುವುದಿಲ್ಲ. ಸೇಫ್ಟಿ ಹೆಬ್ಬೆರಳಿನ ಕೆಳಗೇ, ರಿಸೀವರಿನ ಹಿಂಭಾಗದಲ್ಲಿದೆ. ಎಡಗೈಯವರಿಗೂ ಸುಲಭ. ಸ್ಟಾಕಿನ ಒಳಗಿರುವ ಕೊಳವೆ ಮ್ಯಾಗಝೀನಿಗೆ 14 ಗುಂಡು ಹಿಡಿಯುತ್ತವೆ, ತುಂಬುವುದು ಹಿಂಬದಿಯ ತಟ್ಟೆಯ ಕಡೆಯಿಂದ. ನಳಿಗೆಯ ಕೆಳಗೆ ಕೊಳವೆ ಇರುವ ಮಾರ್ಲಿನ್ 60ರಂಥವುಗಳಲ್ಲಿ ಗುಂಡು ತುಂಬುವಾಗ ಕೈ ನಳಿಗೆಯ ಬಾಯಿಯ ಹತ್ತಿರವೇ ಆಡುತ್ತದೆ. ಇಲ್ಲಿ ನಳಿಗೆ ನೆಲದತ್ತ, ಕೈ ದೂರ. ನನಗೆ ಈ ವ್ಯವಸ್ಥೆಯೇ ಹೆಚ್ಚು ಇಷ್ಟ. ಆದರೂ ಕೊಳವೆಯಲ್ಲಿ ಉಳಿದ ಗುಂಡು ಹೊರಗೆ ಕಾಣುವುದಿಲ್ಲ. ಖಾಲಿ ಮಾಡಿದೆ ಅನ್ನಿಸಿದ ಮೇಲೂ ಬೋಲ್ಟನ್ನು ಹಲವು ಸಲ ಎಳೆದು, ಚೇಂಬರನ್ನು (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಕಣ್ಣಾರೆ ನೋಡಲೇಬೇಕು.

ಕೊರತೆ ಇಲ್ಲವೆಂದಲ್ಲ. ದುರ್ಬೀನು ಕೂರಿಸುವ ತೋಡು ಇರುವುದು ಆ ತಗಡಿನ ಕವಚದ ಮೇಲೆ, ನಳಿಗೆ ಇರುವುದು ನೈಲಾನಿನಲ್ಲಿ. ಇವೆರಡಕ್ಕೂ ನೇರ ಬೆಸುಗೆ ಇಲ್ಲ. ಹಾಗಾಗಿ ಕಾಗದದ ಮೇಲೆ ಒಂದೇ ತೂತಿನಲ್ಲಿ ಗುಂಡು ಕೂರಿಸುವ ಹಂಬಲವಿದ್ದವರು ಬೇರೆ ರೈಫಲ್ ನೋಡಿ. ಡಬ್ಬಿ ಉರುಳಿಸಲು ಇದರ ತೆರೆದ ಸೈಟ್ (ಗುರಿ ಹಿಡಿಯುವ ಮುಳ್ಳು) ಧಾರಾಳ ಸಾಕು. ಇನ್ನು, ಕುತೂಹಲಕ್ಕೆಂದು ಕವಚ ಬಿಚ್ಚಬೇಡಿ. ಒಳಗಿನ ಸಣ್ಣ ಭಾಗಗಳು ಅದರ ಆಸರೆಯಲ್ಲೇ ನಿಂತಿರುತ್ತವೆ.

ಕುಶಲ ಕೆಲಸವೇ ಮುಖ್ಯ ಎನ್ನುವವರಿಗೆ ವಿಂಚೆಸ್ಟರ್ 63 ಇದೆ. 1933ರಿಂದ 1958ರವರೆಗೆ ಮಾಡಿದ್ದು, ಗಟ್ಟಿ ಉಕ್ಕಿನ ರಿಸೀವರ್, ವಾಲ್ನಟ್ ಮರ. ನಳಿಗೆಯ ಕೆಳಗಿನ ಹಿಡಿಮರದ ತುದಿಯಲ್ಲಿರುವ ಕಡ್ಡಿಯನ್ನು ಒತ್ತಿ ಬೋಲ್ಟ್ ಹಿಂದೆ ಸರಿಸುವಾಗಿನ ಆ ನುಣುಪು ಇವತ್ತಿನ ಯಾವ ಪಾಯಿಂಟ್ 22ರಲ್ಲೂ ನನಗೆ ಸಿಕ್ಕಿಲ್ಲ. ಹೀಗೆ ಉಕ್ಕು ಕಡೆದು ಮಾಡುವುದು ದುಬಾರಿ ಕೆಲಸ. ನೈಲಾನ್ ಬಂದದ್ದೇ ಆ ಖರ್ಚು ತಗ್ಗಿಸಲು. ವಿಂಚೆಸ್ಟರ್ 63ರ ಅಣ್ಣನಾದ 1903 ಮಾತ್ರ ನನ್ನ ಲೆಕ್ಕದಲ್ಲಿ ನೋಡುವ ಬಂದೂಕು. ಅದಕ್ಕೆ ಬೇಕಾದ್ದು ಪಾಯಿಂಟ್ 22 ವಿಂಚೆಸ್ಟರ್ ಆಟೋಮ್ಯಾಟಿಕ್ ಎಂಬ ಪ್ರತ್ಯೇಕ ಗುಂಡು. ಕರಿಮದ್ದಿನ ಗುಂಡು ಹಾಕಿ ಯಾರೂ ಯಂತ್ರ ಕೆಡಿಸದಿರಲಿ ಎಂದೇ ಹಾಗೆ ಮಾಡಿದ್ದು. ಆ ಗುಂಡು ಈಗ ಹುಡುಕಿದರೂ ಸಿಗುವುದು ಕಷ್ಟ, ಮಾಮೂಲಿ ಪಾಯಿಂಟ್ 22 ಲಾಂಗ್ ರೈಫಲ್ ಗುಂಡು ಅದಕ್ಕೆ ಆಗುವುದಿಲ್ಲ.

ಕೊಳ್ಳುವಾಗ ನಾನು ಮೊದಲು ನೋಡುವುದು ಸ್ಟಾಕನ್ನು. ನಳಿಗೆ ಬದಲಾಯಿಸಬಹುದು, ಸ್ಪ್ರಿಂಗ್ ಹುಡುಕಬಹುದು. ಆದರೆ ಸ್ಟಾಕ್ ಸೀಳಿದರೆ ರಿಸೀವರೇ ಸೀಳಿದಂತೆ, ಮೇಲಾಗಿ ನೈಲಾನಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಬಣ್ಣ. ಮೊಹಾಕ್ ಬ್ರೌನ್ ಎಲ್ಲೆಡೆ ಸಿಗುತ್ತದೆ. ಅಪಾಚೆ ಬ್ಲ್ಯಾಕ್ ಎಂದರೆ ಕಪ್ಪು ದೇಹಕ್ಕೆ ಕ್ರೋಮ್ ಲೋಹ. ಸೆನೆಕಾ ಗ್ರೀನ್ ಕೆಲವೇ ವರ್ಷ ಬಂದದ್ದು, ಅದಕ್ಕೇ ಸಂಗ್ರಾಹಕರು ಮುಗಿಬೀಳುತ್ತಾರೆ. ಒಟ್ಟಾರೆ ಹತ್ತು ಲಕ್ಷಕ್ಕೂ ಹೆಚ್ಚು ನೈಲಾನ್ 66 ತಯಾರಾಗಿವೆ. ಸಾಮಾನ್ಯ ಕಂದು ಬಣ್ಣದ್ದನ್ನು ಅಪರೂಪದ್ದು ಎಂದು ಯಾರಾದರೂ ಬೆಲೆ ಏರಿಸಿದರೆ ಸುಮ್ಮನೆ ಮುಂದೆ ಹೋಗಿ.

ನಳಿಗೆಯ ಮೇಲೆ ಸಣ್ಣ ಅಕ್ಷರಗಳನ್ನು ಒತ್ತಿರುತ್ತಾರೆ, ಮೊದಲನೆಯದು ತಿಂಗಳು. ಬಿ ಜನವರಿ, ಎಲ್ ಫೆಬ್ರವರಿ, ಎ ಮಾರ್ಚ್, ಹೀಗೆ ಸಾಗಿ ಎಕ್ಸ್ ಡಿಸೆಂಬರ್. ಮುಂದಿನ ಅಕ್ಷರ ವರ್ಷ. ತಯಾರಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಬಂದೂಕು ಅಮೆರಿಕದ ಕಾನೂನಿನಲ್ಲಿ 'ಕ್ಯೂರಿಯೋ' (ಸಂಗ್ರಹಯೋಗ್ಯ ಹಳೆಯ ಬಂದೂಕು) ವರ್ಗಕ್ಕೆ ಸೇರುತ್ತದೆ. ಸಂಗ್ರಾಹಕರ ಪರವಾನಗಿ ಇದ್ದವರಿಗೆ ಈ ದಿನಾಂಕದಿಂದ ನಿಜವಾದ ಪ್ರಯೋಜನವಿದೆ.

ಹೊಸದಾಗಿ ಶುರು ಮಾಡುವವರು ಗಾಬರಿ ಬೀಳುವ ಒಂದು ಸಂಗತಿ ಉಂಟು. ಮೊದಲ ವರ್ಷಗಳ ನೈಲಾನ್ 66ರ ಮೇಲೆ ಕ್ರಮಸಂಖ್ಯೆಯೇ ಇರುವುದಿಲ್ಲ. ಎಲ್ಲ ಬಂದೂಕಿಗೂ ಸಂಖ್ಯೆ ಕಡ್ಡಾಯ ಮಾಡಿದ್ದು ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್. ಅದಕ್ಕೆ ಮುಂಚೆ ಅಗ್ಗದ ಪಾಯಿಂಟ್ 22ಗಳನ್ನು ಸಂಖ್ಯೆ ಇಲ್ಲದೆಯೇ ಮಾರುತ್ತಿದ್ದರು, ಅದರಲ್ಲಿ ಅಕ್ರಮ ಏನೂ ಇಲ್ಲ. ಆದರೆ ಸಂಖ್ಯೆ ಇದ್ದ ಜಾಗವನ್ನು ಉಜ್ಜಿ ಅಳಿಸಿದ ಗುರುತು ಕಂಡರೆ ಕತೆಯೇ ಬೇರೆ. ಅಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಮನೆಗೆ ತರಬೇಡಿ.