ಫ್ಲಾಪಿ ಕೈಬಿಡುವ ಮುಂಚೆ ಫೈಲ್ ಸೈಜ್ ನೋಡಿ

ತುಮಕೂರು, ತಿಪಟೂರು ಕಡೆ ಯಾರ ಮನೆಯಲ್ಲಾದರೂ ಹಳೆಯ ಫ್ಲಾಪಿ ಇದ್ದು, ಅದರಲ್ಲಿರುವ ತಂತ್ರಾಂಶವನ್ನು ನೆಟ್‌ನಲ್ಲಿ ಹಂಚಬೇಕು ಅಂತ ಇದ್ದರೆ ದಯವಿಟ್ಟು ಇದನ್ನು ಓದಿ. ನಮಗೆ ಆದದ್ದು ನಿಮಗೆ ಆಗಬಾರದು.

ನಮ್ಮ ಸೋದರಮಾವ ಡಾಸ್ ಕಾಲದಲ್ಲಿ ತಿಪಟೂರಿನ ಕೊಬ್ಬರಿ ಮಂಡಿಗಳಿಗಾಗಿ ಫಾಕ್ಸ್‌ಪ್ರೋದಲ್ಲಿ ಲೆಕ್ಕದ ಪ್ರೋಗ್ರಾಂ ಬರೆದಿದ್ದರು. ಚೀಲ, ತೂಕ, ದರ, ಹಮಾಲಿ ಹಾಕಿದರೆ ರೈತರಿಗೆ ಕೊಡುವ ಚೀಟಿ ಪ್ರಿಂಟ್ ಆಗುತ್ತಿತ್ತು. ಹಳೆ ಕಂಪ್ಯೂಟರ್ ಹುಚ್ಚಿನ ಹುಡುಗರು ಕೇಳಿದಾಗ ಮಾವ ಖುಷಿಯಿಂದ ಒಪ್ಪಿದರು. ತುಮಕೂರಿನ ಒಂದು ಅಂಗಡಿಗೆ ಫ್ಲಾಪಿ ಕೊಟ್ಟೆವು. ಅವರು ಇಮೇಜ್ (ಇಡೀ ಫ್ಲಾಪಿಯನ್ನು ಇದ್ದಂತೆ ಹಿಡಿದಿಟ್ಟ ಒಂದೇ ಫೈಲ್) ತೆಗೆದು, ಸರ್ವರ್‌ಗೆ ಹಾಕಿ, ಲಿಂಕ್ ಕೊಟ್ಟರು. ಫ್ಲಾಪಿ ವಾಪಸ್ ಕೇಳಿದರೆ, "ಬೂಷ್ಟು ಹಿಡಿದಿತ್ತು, ಎಸೆದ್ಬಿಟ್ವಿ. ಹೆಂಗೂ ಕಾಪಿ ಆಯ್ತಲ್ಲ ಸಾರ್" ಅಂದರು. ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಅಳಿಸಿದ್ದರು.

ಡೌನ್‌ಲೋಡ್ ಮಾಡಿದವರೆಲ್ಲ ಹೇಳಿದ್ದು ಒಂದೇ: ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ ಅಂತ ಬರುತ್ತಿದೆ.

1.44 ಎಂಬಿ ಫ್ಲಾಪಿಯ ಪೂರ್ತಿ ಇಮೇಜ್ 14,74,560 ಬೈಟ್ ಇರಬೇಕು. ಎರಡು ಮುಖ, ಮುಖಕ್ಕೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ನಮ್ಮದು ಅದಕ್ಕಿಂತ ಕಡಿಮೆ ಇತ್ತು. ಅಂಗಡಿಯವರು ಸರ್ವರ್‌ಗೆ ಫೈಲ್ ಕಳಿಸುವ ಎಫ್‌ಟಿಪಿಯಲ್ಲಿ, ಬೈಟ್‌ಗಳನ್ನು ಇದ್ದಂತೆ ಕಳಿಸುವ ಬೈನರಿ ಮೋಡ್ ಬಿಟ್ಟು, ಬರೀ ಅಕ್ಷರಗಳ ಫೈಲ್‌ಗೆಂದು ಸಾಲಿನ ಕೊನೆಯ ಗುರುತು ಬದಲಿಸುವ ಆಸ್ಕಿ ಮೋಡ್‌ನಲ್ಲಿ ಕಳಿಸಿದ್ದರು. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ 13, 10 ಅಂತ ಎರಡು ಬೈಟ್. ಲಿನಕ್ಸ್‌ನಲ್ಲಿ 10 ಮಾತ್ರ. ಹಾಗಾಗಿ ಲಿನಕ್ಸ್ ಸರ್ವರ್‌ಗೆ ಹೋಗುವಾಗ ಆ 13 ಉದುರಿಹೋಗುತ್ತದೆ. ಡಾಸ್ ಫ್ಲಾಪಿಯ ಮೊದಲ ಸೆಕ್ಟರಿನಲ್ಲೇ "ನಾನ್-ಸಿಸ್ಟಮ್ ಡಿಸ್ಕ್" ಅನ್ನುವ ಸಂದೇಶ ಇರುತ್ತದೆ, ಅದರ ಸಾಲುಗಳಿಗೂ ಇದೇ ಜೋಡಿ. ಅಲ್ಲೇ ಬೈಟ್ ಹೋದರೆ ಮುಂದಿನದ್ದೆಲ್ಲ ಜಾಗ ತಪ್ಪುತ್ತದೆ.

13 ಅನ್ನು ತಿರುಗಿ ಸೇರಿಸಬಹುದಲ್ವಾ ಅಂತ ಹಲವರು ಕೇಳಿದರು. ಬರೀ ಅಕ್ಷರಗಳಿರುವ ಫೈಲ್ ಆದರೆ ಸೇರಿಸಬಹುದು. ಪ್ರೋಗ್ರಾಂ ಫೈಲ್‌ನಲ್ಲಿ ಮೊದಲಿನಿಂದ ಒಂಟಿಯಾಗಿದ್ದ 10 ಯಾವುದು, ಜೋಡಿ ಕಳೆದುಕೊಂಡ 10 ಯಾವುದು ಅನ್ನುವ ಗುರುತೇ ಉಳಿಯುವುದಿಲ್ಲ. ಮಾವ ಬರೆದ ಸೋರ್ಸ್ ಕೋಡ್ ತಕ್ಕಮಟ್ಟಿಗೆ ಸಿಕ್ಕಿತು. ಓಡುವ ಪ್ರೋಗ್ರಾಂ ಸಿಗಲಿಲ್ಲ. ಇನ್ನೊಬ್ಬರ ವರ್ಷಗಟ್ಟಲೆ ದುಡಿಮೆಯನ್ನು ಕೇಳದೆ ಕಸಕ್ಕೆ ಹಾಕುವ ಹಕ್ಕು ಯಾವ ಅಂಗಡಿಗೂ ಇಲ್ಲ.

ಫ್ಲಾಪಿ ವಾಪಸ್ ಬೇಕೇ ಬೇಕು ಅಂತ ಕೊಡುವಾಗಲೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಇಮೇಜನ್ನು ಜಿಪ್ ಮಾಡಿಯೇ ಹಾಕಿಸಿ. ಜಿಪ್‌ನೊಳಗೆ ಸಿಆರ್‌ಸಿ ಅನ್ನುವ ತಪಾಸಣೆ ಲೆಕ್ಕ ಇರುವುದರಿಂದ ಫೈಲ್ ಕೆಟ್ಟಿದ್ದರೆ ಬಿಚ್ಚುವಾಗಲೇ ಗೊತ್ತಾಗುತ್ತದೆ. ಕಳಿಸುವ ಮುಂಚೆ ಶಾ-256 ಮೊತ್ತ (ಫೈಲಿನ ಹೆಬ್ಬೆಟ್ಟಿನ ಗುರುತಿನಂಥ 64 ಅಕ್ಷರ) ತೆಗೆದು ಲಿಂಕ್ ಪಕ್ಕದಲ್ಲೇ ಹಾಕಿ. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್ ಸಾಕು, ಬೇರೆ ಏನೂ ಬೇಡ. ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ನೀವೇ ಡೌನ್‌ಲೋಡ್ ಮಾಡಿ ಆ 64 ಅಕ್ಷರ ತಾಳೆ ನೋಡಿ. ಅಲ್ಲಿಯವರೆಗೆ ಮೂಲ ಪ್ರತಿ ಅಳಿಸಲು ಬಿಡಬೇಡಿ.

ಪ್ರಿಂಟಿಂಗ್ ಪ್ರೆಸ್‌ನವರಿಗೆ ಒಂದು ಮಾತು. ಹಳೆಯ ಮ್ಯಾಕ್ ಫಾಂಟ್‌ಗಳನ್ನು ಸುಮ್ನೆ ವಿಂಡೋಸ್‌ಗೆ ಕಾಪಿ ಮಾಡಿದರೆ ಸೊನ್ನೆ ಬೈಟ್ ಆಗಿಬಿಡಬಹುದು, ಏಕೆಂದರೆ ಅವುಗಳ ಸರಕು ರಿಸೋರ್ಸ್ ಫೋರ್ಕ್ ಅನ್ನುವ, ಮ್ಯಾಕ್ ಫೈಲಿನ ಬೇರೆಯದೇ ಭಾಗದಲ್ಲಿರುತ್ತದೆ. ಮ್ಯಾಕ್‌ನಲ್ಲೇ ಸ್ಟಫ್‌ಇಟ್ (ಮ್ಯಾಕ್‌ನ ಜಿಪ್‌ನಂಥದ್ದು) ಮಾಡಿ, ಅದನ್ನು ಎಲ್ಲ ಭಾಗಗಳನ್ನೂ ಒಂದೇ ಫೈಲ್ ಮಾಡುವ ಬಿನ್‌ಹೆಕ್ಸ್ ಅಥವಾ ಮ್ಯಾಕ್‌ಬೈನರಿಗೆ ಹಾಕಿ ಕಳಿಸಿ.

ತಿಪಟೂರಿನ ಯಾವುದಾದರೂ ಮಂಡಿಯ ಬೀರುವಿನಲ್ಲಿ ಮಾವನ ಪ್ರೋಗ್ರಾಂ ಇರುವ ಫ್ಲಾಪಿ ಉಳಿದಿದ್ದರೆ ತಿಳಿಸಿ. ಡ್ರೈವ್ ತೆಗೆದುಕೊಂಡು ನಾನೇ ಬರುತ್ತೇನೆ, ನಿಮ್ಮ ಎದುರಿಗೇ ಕಾಪಿ ಮಾಡಿ ಫ್ಲಾಪಿ ನಿಮ್ಮ ಕೈಗೇ ಕೊಡುತ್ತೇನೆ.